ಅರ್ಧ ವಿಷ ತಿಂದ ಇಲಿಗಳು

ಪಾಷಾಣ ಹಾಕಿದ ಮೇಲೂ ಇಲಿ ಸಾಯದಿದ್ದರೆ "ಹಾಕಿದವನಿಗೇ ಹಾಕೋಕೆ ಬರಲಿಲ್ಲ" ಅಂದುಬಿಡುತ್ತೇವೆ. ಆಸ್ಟ್ರೇಲಿಯಾದ ಗೋಧಿ ಬೆಳೆಗಾರರ ವಿಷಯದಲ್ಲಿ ತಪ್ಪು ರೈತನದಲ್ಲ, ಕಾಳಿನದಾಗಿತ್ತು.

ಅಲ್ಲಿ ಕಾಟ ಕೊಡುವುದು ಹೆಗ್ಗಣವಲ್ಲ, ಸುಮಾರು 15 ಗ್ರಾಂ ತೂಗುವ ಚಿಟ್ಟಿಲಿ. ಯುರೋಪಿನವರ ಹಡಗು ಹತ್ತಿ ಹೋದ ವಲಸೆಗಾರ, ನಮ್ಮ ಹಾಗೇ ಅನ್ನಿ! 1917ರಲ್ಲಿ, ಯುದ್ಧದಿಂದಾಗಿ ಹಡಗುಗಳಿಲ್ಲದೆ ರೈಲು ನಿಲ್ದಾಣಗಳಲ್ಲಿ ಪೇರಿಸಿಟ್ಟಿದ್ದ ಗೋಧಿ ಚೀಲಗಳನ್ನು ಇವು ತಿಂದು ಹಾಕಿದವು.

1990ರ ದಶಕದ ಕೊನೆಯಿಂದ ಅಲ್ಲಿನ ಹೊಲಗಳಿಗೆ ಜಿಂಕ್ ಫಾಸ್ಫೈಡ್ ಲೇಪಿಸಿದ ಗೋಧಿ ಬಂತು. ಇಲಿಯ ಹೊಟ್ಟೆಯ ಆಮ್ಲ ತಾಗಿದರೆ ಅದು ವಿಷಾನಿಲವಾಗುತ್ತದೆ. ಕಿಲೋಗೆ 25 ಗ್ರಾಂ ಪುಡಿ, ಹೆಕ್ಟೇರಿಗೆ ಒಂದು ಕಿಲೋ ಗೋಧಿ. ಅಂದರೆ ಚದರ ಮೀಟರಿಗೆ ಎರಡು-ಮೂರು ಕಾಳು. ಒಂದು ಕಾಳಿಗೆ ಒಂದು ಇಲಿ ಅಂತ ಲೆಕ್ಕ.

ಆದರೆ ಲೆಕ್ಕ ತಪ್ಪಿತ್ತು. "ಇಲಿ ಸಾಯ್ತಾ ಇಲ್ಲ" ಅಂತ ರೈತರು ದೂರತೊಡಗಿದರು. ಸಿ.ಎಸ್.ಐ.ಆರ್.ಓ. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ನೋಡಿದರೆ, ಕಾಳಿನಲ್ಲಿದ್ದ ಒಂದು ಮಿಲಿಗ್ರಾಂ ಸಾಲದು, ಎರಡು ಬೇಕು! ಅರ್ಧ ವಿಷ ತಿಂದು ಬದುಕಿದ ಇಲಿ ಮತ್ತೆ ಆ ಕಾಳಿಗೆ ಬಾಯಿ ಹಾಕುವುದಿಲ್ಲ. ನಮ್ಮ ಕಡೆ ಇದೇ ಪುಡಿ ಬಳಸುವಾಗ ಮೊದಲೆರಡು ದಿನ ಬರೀ ಕಾಳು-ಎಣ್ಣೆ ಇಟ್ಟು, ಇಲಿಯ ನಂಬಿಕೆ ಗಳಿಸಿದ ಮೇಲೆ ವಿಷ ಬೆರೆಸುವುದು ಇದಕ್ಕೇ.

2021ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಇಲಿಗಳ ಮಹಾಪೂರ. ಆಗ ಹೊಲದಲ್ಲೇ ಪರೀಕ್ಷೆ ನಡೆಯಿತು. ಕೆಲವು ಹೊಲಕ್ಕೆ ಹಳೆಯ ಕಾಳು, ಕೆಲವಕ್ಕೆ 50 ಗ್ರಾಮಿನದು, ಕೆಲವಕ್ಕೆ ಏನೂ ಇಲ್ಲ. ಮೊದಲೂ ಆಮೇಲೂ ಬೋನಿಟ್ಟು ಹಿಡಿದು ಎಣಿಸಿದರು. ಫಲಿತಾಂಶದಿಂದ ಹಾಕಿದ ಲೆಕ್ಕ ಹೀಗಿತ್ತು: ಹೊಸ ಕಾಳಿನಿಂದ ಶೇ. 80ಕ್ಕಿಂತ ಹೆಚ್ಚು ಇಲಿ ಕಡಿಮೆಯಾಗುವುದು ಹತ್ತರಲ್ಲಿ ಒಂಬತ್ತು ಸಲ, ಹಳೆಯದರಿಂದ ಬರೀ ಎರಡು ಸಲ.

ಅದೇ ವರ್ಷ ಅಲ್ಲಿನ ರಾಜ್ಯ ಸರ್ಕಾರ ಬೇರೆ ದಾರಿ ಹಿಡಿದಿತ್ತು. ಬ್ರೋಮಾಡಿಯೋಲೋನ್ ಎಂಬ ವಿಷವನ್ನು, 5,000 ಲೀಟರ್, ನಮ್ಮ ಭಾರತದಿಂದಲೇ ತರಿಸಲು ಹೊರಟಿತು. ಇದು ಸತ್ತ ಇಲಿಯ ಮೈಯಲ್ಲೂ ಉಳಿಯುತ್ತದೆ. ಆ ಇಲಿಯನ್ನು ತಿಂದ ಗೂಬೆ, ಹದ್ದುಗಳಿಗೂ ಕುತ್ತು. ಹೊಲದಲ್ಲಿ ಅದನ್ನು ಬಳಸಲು ಕೇಂದ್ರದ ನಿಯಂತ್ರಕರ ಅನುಮತಿ ಸಿಗಲಿಲ್ಲ.

ಇಲಿ ಸಾಯದಿದ್ದಾಗ ಇನ್ನೂ ಘೋರ ವಿಷ ಹುಡುಕುವುದು ಒಂದು ದಾರಿ. ರೈತನ ದೂರನ್ನು ನಂಬಿ, ಕೈಯಲ್ಲಿರುವ ಕಾಳನ್ನೇ ಮತ್ತೆ ತೂಗಿ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಬೆಳೆಯೂ ಉಳಿಯಿತು, ಗೂಬೆಯೂ ಉಳಿಯಿತು. ನೀವೇನಂತೀರಿ?