ಎಂಜಿಆರ್ ದನಿ, ನಮ್ಮ ಗಂಟಲು: ಪ್ಯಾರೀಸ್ ಕಾರ್ನರ್‌ನಿಂದ ಒಂದು ಸುತ್ತು

ದಿನವಿಡೀ ಕಾಲ್‌ನಲ್ಲಿ ಮಾತಾಡಿ ಸಂಜೆಗೆ ಗಂಟಲು ಹಿಡ್ಕೊಂಡು ಕೂರುವ ನಮ್ಮಂಥವರಿಗೆ ಇವತ್ತಿನ ಕಥೆ.

ನಾನು ನಿಂತಿರೋದು ಪ್ಯಾರೀಸ್ ಕಾರ್ನರ್‌ನಲ್ಲಿ. 1788ರಲ್ಲಿ ವ್ಯಾಪಾರ ಶುರು ಮಾಡಿದ ಥಾಮಸ್ ಪ್ಯಾರಿ ಹೆಸರು ಈ ಮೂಲೆಗೆ ಅಂಟಿಕೊಂಡಿದೆ. ಎದುರಿಗೆ ಕೆಂಪು ಹೈಕೋರ್ಟು. ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಜನರಲ್ ಆಸ್ಪತ್ರೆ. ಬೆಂಗಳೂರು ರೈಲಿನಿಂದ ಸೆಂಟ್ರಲ್‌ನಲ್ಲಿ ಇಳಿದವರಿಗೆ ಎದುರಿಗೇ ಕಾಣುತ್ತಲ್ಲ, ಅದೇ.

1967ರ ಜನವರಿ 12ರಂದು ನಟ ಎಂ.ಆರ್. ರಾಧಾ ಹಾರಿಸಿದ ಗುಂಡು ಎಂ.ಜಿ. ರಾಮಚಂದ್ರನ್ ಅವರ ಕಿವಿಯ ಹತ್ತಿರ ಹೊಕ್ಕು ಕುತ್ತಿಗೆಯಲ್ಲಿ ನಿಂತಿತು. ಮೊದಲು ರಾಯಪೇಟೆ, ಆಮೇಲೆ ಈ ಜನರಲ್ ಆಸ್ಪತ್ರೆ. ಕುತ್ತಿಗೆಗೆ ಬ್ಯಾಂಡೇಜ್ ಸುತ್ತಿದ ಫೋಟೋ ಪೋಸ್ಟರ್ ಆಯ್ತು, ಮಲಗಿದ್ದಲ್ಲಿಂದಲೇ ಅವರು ಚುನಾವಣೆ ಗೆದ್ದರು. ಜೀವ ಉಳಿಯಿತು, ಹಳೇ ದನಿ ಮಾತ್ರ ವಾಪಸ್ ಬರಲಿಲ್ಲ. ಅದೇ ವರ್ಷದ ‘ಕಾವಲ್‌ಕಾರನ್’ ಸಿನಿಮಾದಲ್ಲಿ ಜನ ಹೊಸ, ತೊದಲು ದನಿ ಕೇಳಿದರು. ಬೇರೆಯವರ ಕಂಠ ಕೂರಿಸಲು ಅವರು ಒಪ್ಪಲಿಲ್ಲ. ನನಗಂತೂ ಅವರ ಸಾಹಸ ದೃಶ್ಯಗಳಿಗಿಂತ ದೊಡ್ಡ ಧೈರ್ಯ ಇದು ಅನ್ಸುತ್ತೆ.

ನಮ್ಮ ಗಂಟಲಿಗೆ ಅಂಥ ಏಟು ಬಿದ್ದಿಲ್ಲ, ಹಾಗಾಗಿ ಭವಿಷ್ಯವೂ ಬೇರೆ. ಒಳಗೆ ಏನಾಗಿದೆ ಅಂತ ನೋಡುವ ದಾರಿ ತೋರಿಸಿದ್ದು ವೈದ್ಯರಲ್ಲ, ಸಂಗೀತದ ಮೇಷ್ಟ್ರು! 1854ರಲ್ಲಿ ಮಾನ್ಯುಯೆಲ್ ಗಾರ್ಸಿಯಾ ಸಣ್ಣ ಹಲ್ಲುಕನ್ನಡಿ ಮತ್ತು ಬಿಸಿಲು ಬಳಸಿ ತಮ್ಮದೇ ಧ್ವನಿತಂತುಗಳನ್ನು ನೋಡಿಕೊಂಡರು. ಈಗ ಅದೇ ಕೆಲಸವನ್ನು ಸಣ್ಣ ಕ್ಯಾಮೆರಾ ಕೆಲವೇ ನಿಮಿಷದಲ್ಲಿ ಮಾಡುತ್ತೆ.

ಆ ತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100 ಸಲ, ಹೆಂಗಸರಲ್ಲಿ 200 ಸಲ ಬಡಿದುಕೊಳ್ಳುತ್ತವೆ. ಮೂರು ಮೀಟಿಂಗ್ ಅಂದರೆ ಎಷ್ಟಾಯ್ತು, ನೀವೇ ಲೆಕ್ಕ ಹಾಕಿ. ನೆಗಡಿ ಜೊತೆ ಬರುವ ಧ್ವನಿಪೆಟ್ಟಿಗೆಯ ಉರಿಯೂತ ಬಹುತೇಕ ವೈರಸ್‌ನದು. ಒಂದೆರಡು ವಾರದಲ್ಲಿ ತಾನೇ ಹೋಗುತ್ತೆ, ಆಂಟಿಬಯಾಟಿಕ್ ನುಂಗಿ ಪ್ರಯೋಜನ ಕಡಿಮೆ. ನೀರು ಕುಡೀರಿ, ಮಾತು ಕಡಿಮೆ ಮಾಡಿ. ಪಿಸುಗುಟ್ಟೋದು ವಿಶ್ರಾಂತಿ ಅಲ್ಲ. ಹಾಗೆ ಮಾಡುವಾಗಲೂ ಬಹಳ ಜನರ ಗಂಟಲು ಬಿಗಿಯುತ್ತೆ. ಅಮೆರಿಕದ ಕಾಲ್ ಮುಗಿಸಿ ತಡರಾತ್ರಿ ಉಂಡು ಕೂಡಲೇ ಮಲಗುವವರಿಗೆ ಹೊಟ್ಟೆಯ ಆಮ್ಲ ಮೇಲೆ ಬಂದೂ ಗಂಟಲು ಉರಿಯಬಹುದು. ಅಲ್ಲಿ ಮೊದಲು ಬದಲಾಗಬೇಕಾದ್ದು ಊಟದ ಹೊತ್ತು. ಕೂಗಿ ಕೂಗಿ ತಂತುಗಳ ಮೇಲೆ ಗಂಟು ಬಂದರೂ ಹೆಚ್ಚಿನವರಿಗೆ ಧ್ವನಿ ತರಬೇತಿಯೇ ಸಾಕು, ಚಾಕು ಬೇಡ.

ದನಿ ಒಡೆದು ಮೂರು ವಾರ ದಾಟಿದರೆ ಮಾತ್ರ ಕಷಾಯ ಬಿಟ್ಟು ಇಎನ್‌ಟಿ ಹತ್ತಿರ ಹೋಗಿ. ನುಂಗಲು ಕಷ್ಟ, ರಕ್ತ, ಕುತ್ತಿಗೆಯಲ್ಲಿ ಗಡ್ಡೆ, ಒಂದೇ ಕಿವಿಗೆ ಹರಿಯುವ ನೋವು ಇದ್ದರೆ ಅಷ್ಟೂ ದಿನ ಕಾಯಬೇಡಿ, ಸಿಗರೇಟು ಸೇದುವವರಂತೂ ಬೇಡವೇ ಬೇಡ. ಉಸಿರೇ ಕಟ್ಟಿದರೆ ನೇರ ತುರ್ತು ಚಿಕಿತ್ಸೆಗೆ. ಧ್ವನಿತಂತುವಿನ ಕ್ಯಾನ್ಸರ್ ಕೂಡ ಶುರುವಿನಲ್ಲೇ ಸಿಕ್ಕರೆ ವಿಕಿರಣ ಇಲ್ಲವೇ ಲೇಸರ್‌ನಿಂದ 10ರಲ್ಲಿ ಸುಮಾರು 9 ಜನ ಗುಣವಾಗುತ್ತಾರೆ. ದನಿ ಒಡೆಯುವುದು ಅಲ್ಲಿ ಬೇಗನೇ ಸಿಗುವ ಸುಳಿವು.