ಕಡಕೋಳದ ಪದಕ್ಕೆ ಗಿಟಾರ್ ಯಾಕೆ ಸಿಗಲಿಲ್ಲ?

ರಘು ದೀಕ್ಷಿತ್ ದನಿಯಲ್ಲಿ ಶಿಶುನಾಳ ಶರೀಫರ ಪದ ಮೊದಲು ಕೇಳಿದಾಗ ನನಗೆ ಗಿಟಾರ್ ಹೊಸದೆನಿಸಿತು, ಪದವಲ್ಲ. ಪಲ್ಲವಿ ತಿರುತಿರುಗಿ ಬಂದು ಏರಿಸುವ ಆ ಅಮಲು ನಮ್ಮೂರ ಭಜನೆಯದೇ.

ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತ ಈ ಗಾಯಕ ಮೊದಲು ಕಟ್ಟಿದ ತಂಡ ಅಂತರಾಗ್ನಿ. 2008ರಲ್ಲಿ ಮೊದಲ ಆಲ್ಬಮ್ ಬಂತು. ಮುಂದೆ ಇಂಗ್ಲೆಂಡಿನ ವೇದಿಕೆಗಳವರೆಗೂ ಹೋದರು. ಆದರೆ ಶರೀಫರ ಮಟ್ಟಿಗೆ ದಾರಿ ಮೊದಲೇ ಹಸನಾಗಿತ್ತು: ಸಿ. ಅಶ್ವತ್ಥ್ ಹಾಡಿದ್ದರು, 1990ರಲ್ಲಿ ನಾಗಾಭರಣರ ಸಿನಿಮಾ ಬಂದಿತ್ತು.

ಶರೀಫರು (1819–1889) ಹುಟ್ಟುವ ಮೊದಲೇ ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿದ್ದ ಮಡಿವಾಳಪ್ಪನವರು, ಜೇವರ್ಗಿ ತಾಲ್ಲೂಕಿನಲ್ಲಿದ್ದ (ಈಗ ಯಡ್ರಾಮಿ) ಕಡಕೋಳದಲ್ಲಿ ನೆಲೆನಿಂತು, ಜಾತಿಯನ್ನೂ ಮಠದ ಡಂಭವನ್ನೂ ಹಾಡಿನಲ್ಲೇ ಝಾಡಿಸಿದರು. ಚೆನ್ನೂರ ಜಲಾಲ ಸಾಹೇಬರು ಅವರ ಶಿಷ್ಯರು. ಗೋವಿಂದ ಭಟ್ಟ-ಶರೀಫರ ಜೋಡಿಯನ್ನು ಕೊಂಡಾಡುವ ನಾಡಿಗೆ ಈ ಗುರು-ಶಿಷ್ಯರು ಅಷ್ಟಾಗಿ ಗೊತ್ತಿಲ್ಲ.

ಹಾಡಿನ ಕೊರತೆಯಲ್ಲ ಅದು. ಧಾರವಾಡ ಸೀಮೆಗೆ ಕನ್ನಡ ಶಾಲೆ, ಅಚ್ಚುಕೂಟ, 1950ಕ್ಕೆ ಆಕಾಶವಾಣಿಯೂ ಬಂದವು. ನಾವು 1948ರವರೆಗೆ ನಿಜಾಮರ ಉರ್ದು ಕಚೇರಿಗಳ ಮುಂದೆ ನಿಂತಿದ್ದೆವು.

ಆಳಂದದಿಂದ ಜೇವರ್ಗಿವರೆಗೆ ತತ್ವಪದ ಉಳಿದದ್ದು ಏಕತಾರಿ, ದಮ್ಮಡಿ, ತಾಳಗಳ ಜೊತೆ. ಅಮಾವಾಸ್ಯೆಯ ರಾತ್ರಿ, ಬೆಳಗಿನವರೆಗೆ ಹಾಡುವ ಒಕ್ಕಲಿಗರ, ಕೂಲಿಕಾರರ ಬಾಯಲ್ಲಿ. ಕಡಕೋಳದ ಪದಕ್ಕೆ ಗಿಟಾರ್ ಹಿಡಿದು ಯಾರಾದರೂ ಬಂದರೆ ನನ್ನ ತಕರಾರಿಲ್ಲ. ಮೊದಲು ಒಂದು ಅಮಾವಾಸ್ಯೆ ಇಲ್ಲಿ ಕೂತು ಕೇಳಲಿ.