ಕೋಳಿಯ ಆಹಾರ, ಹಾರ್ಮೋನು ಮತ್ತು ವಂಶವಾಹಿಗಳ ಕಾರ್ಯ: ಸಾಕಣೆದಾರರು ತಿಳಿದಿರಬೇಕಾದ ಅಂಶಗಳು

ಮಾಂಸದ ಕೋಳಿಗಳನ್ನು ಹಾರ್ಮೋನು ಚುಚ್ಚಿ ಬೆಳೆಸಲಾಗುತ್ತದೆ ಎಂಬ ಮಾತು ಗ್ರಾಹಕರಲ್ಲಿ ವ್ಯಾಪಕವಾಗಿದೆ. ಇದು ಸಾಕಣೆದಾರರ ಮಾರುಕಟ್ಟೆಗೆ ಪೆಟ್ಟು ನೀಡುತ್ತದೆ. ಇನ್ನೊಂದೆಡೆ, ಕೋಳಿಯ ದೇಹದಲ್ಲಿ ಸಹಜವಾಗಿ ಸ್ರವಿಸುವ ಹಾರ್ಮೋನುಗಳು ನೀವು ನೀಡುವ ಆಹಾರವನ್ನು ಅನುಸರಿಸಿ ಕೆಲಸ ಮಾಡುತ್ತವೆ ಎಂಬುದನ್ನು ಗಮನಿಸದೆ, ಆಹಾರದ ಖರ್ಚಿನ ಒಂದು ಪಾಲನ್ನು ಹೊಟ್ಟೆಯ ಕೊಬ್ಬಿನ ರೂಪದಲ್ಲಿ ಕಳೆದುಕೊಳ್ಳುವವರೂ ಇದ್ದಾರೆ. ಈ ಎರಡೂ ವಿಷಯಗಳನ್ನು ಅರಿಯಲು ಆಹಾರ, ಹಾರ್ಮೋನು ಮತ್ತು ವಂಶವಾಹಿಗಳ ಸಂಬಂಧವನ್ನು ತಿಳಿಯುವುದು ಅಗತ್ಯ.

ವಂಶವಾಹಿಯ ಅಭಿವ್ಯಕ್ತಿ ಎಂದರೇನು?

ಕೋಳಿಯ ಪ್ರತಿಯೊಂದು ಜೀವಕೋಶದಲ್ಲಿಯೂ ಬಹುತೇಕ ಒಂದೇ ವಂಶವಾಹಿಗಳಿರುತ್ತವೆ. ಆದರೆ ಎಲ್ಲವೂ ಎಲ್ಲ ಕಾಲದಲ್ಲಿಯೂ ಕೆಲಸ ಮಾಡುವುದಿಲ್ಲ. ಒಂದು ವಂಶವಾಹಿಯಲ್ಲಿರುವ ಮಾಹಿತಿಯ ಪ್ರಕಾರ ಕಿಣ್ವ ಅಥವಾ ಬೇರೆ ಪ್ರೋಟೀನು ತಯಾರಾಗುವುದನ್ನು ಆ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತೇವೆ. ತಳಿಯು ವಂಶವಾಹಿಗಳನ್ನು ಒದಗಿಸುತ್ತದೆ. ಅವುಗಳಲ್ಲಿ ಯಾವುದು, ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬುದರ ಮೇಲೆ ಆಹಾರ ಮತ್ತು ಹಾರ್ಮೋನುಗಳು ಹೆಚ್ಚಿನ ಪ್ರಭಾವ ಬೀರುತ್ತವೆ.

ಕೊಬ್ಬು ತಯಾರಾಗುವುದು ಯಕೃತ್ತಿನಲ್ಲಿ

ಹಂದಿಯಲ್ಲಿ ಕೊಬ್ಬು ಮುಖ್ಯವಾಗಿ ಕೊಬ್ಬಿನ ಅಂಗಾಂಶದಲ್ಲಿಯೇ ತಯಾರಾಗುತ್ತದೆ. ಕೋಳಿಯಲ್ಲಿ ಈ ಕೆಲಸವನ್ನು ಬಹುಪಾಲು ಯಕೃತ್ತು ಮಾಡುತ್ತದೆ. ಅಲ್ಲಿ ತಯಾರಾದ ಕೊಬ್ಬು ರಕ್ತದ ಮೂಲಕ ಸಾಗಿ ಹೊಟ್ಟೆಯ ಭಾಗದಲ್ಲಿ ಮತ್ತು ಚರ್ಮದಡಿಯಲ್ಲಿ ಶೇಖರಣೆಯಾಗುತ್ತದೆ.

ಕೋಳಿಯು ಮೆಕ್ಕೆಜೋಳದಂತಹ ಪಿಷ್ಟಯುಕ್ತ ಆಹಾರ ತಿಂದಾಗ ಇನ್ಸುಲಿನ್ ಹೆಚ್ಚುತ್ತದೆ. ಇನ್ಸುಲಿನ್ ಮತ್ತು ಥೈರಾಯ್ಡ್ ಹಾರ್ಮೋನು ಜೊತೆಗೂಡಿ, ಕೊಬ್ಬು ತಯಾರಿಸುವ ಕಿಣ್ವಗಳ ವಂಶವಾಹಿಗಳನ್ನು ಚುರುಕುಗೊಳಿಸುತ್ತವೆ. ಹಸಿದಾಗ ಗ್ಲುಕಗಾನ್ ಹೆಚ್ಚಿ, ಅದೇ ವಂಶವಾಹಿಗಳ ಕೆಲಸವನ್ನು ತಗ್ಗಿಸುತ್ತದೆ ಹಾಗೂ ಶೇಖರವಾದ ಕೊಬ್ಬನ್ನು ಬಳಕೆಗೆ ತರುತ್ತದೆ.

ಮರಿಯ ಮೊದಲ ದಿನಗಳು

ಮೊಟ್ಟೆಯೊಳಗಿನ ಭ್ರೂಣಕ್ಕೆ ಶಕ್ತಿ ದೊರೆಯುವುದು ಮುಖ್ಯವಾಗಿ ಹಳದಿ ಲೋಳೆಯ ಕೊಬ್ಬಿನಿಂದ. ಹೀಗಾಗಿ ಅದರ ಯಕೃತ್ತಿನಲ್ಲಿ ಕೊಬ್ಬು ತಯಾರಿಸುವ ಕಿಣ್ವಗಳು ಅತ್ಯಲ್ಪವಾಗಿರುತ್ತವೆ. ಮರಿ ಹೊರಬಂದು ಧಾನ್ಯದ ಆಹಾರ ತಿನ್ನತೊಡಗಿದ ಕೆಲವೇ ದಿನಗಳಲ್ಲಿ ಅವು ಅನೇಕ ಪಟ್ಟು ಹೆಚ್ಚುತ್ತವೆ. ಆಹಾರ ದೊರೆಯದಿದ್ದರೆ ಈ ಬದಲಾವಣೆ ತಡವಾಗುತ್ತದೆ. ಕರುಳಿನ ಬೆಳವಣಿಗೆಯೂ ಹಿಂದುಳಿಯುತ್ತದೆ. ಉಳಿದ ಹಳದಿ ಲೋಳೆ ಎರಡು ಮೂರು ದಿನ ಮರಿಯನ್ನು ಬದುಕಿಸಬಲ್ಲದು ಎಂಬ ಕಾರಣಕ್ಕೆ ಆಹಾರ ನೀಡಲು ತಡಮಾಡಬಾರದು.

ಶಕ್ತಿ ಮತ್ತು ಪ್ರೋಟೀನಿನ ಸಮತೋಲನ

ಆಹಾರದಲ್ಲಿ ಶಕ್ತಿಗೆ ತಕ್ಕಷ್ಟು ಪ್ರೋಟೀನ್ ಇದ್ದಾಗ ಕೊಬ್ಬು ತಯಾರಿಸುವ ಕಿಣ್ವಗಳ ಅಭಿವ್ಯಕ್ತಿ ಹಿಡಿತದಲ್ಲಿರುತ್ತದೆ. ಪ್ರೋಟೀನ್ ಕಡಿಮೆಯಾಗಿ ಪಿಷ್ಟ ಹೆಚ್ಚಾದರೆ ಅದು ಏರುತ್ತದೆ. ಭಾರತೀಯ ಮಾನಕ ಬ್ಯೂರೋದ 2007ರ ಮಾನದಂಡದಂತೆ ಮಾಂಸದ ಕೋಳಿಯ ಫಿನಿಶರ್ ಆಹಾರದಲ್ಲಿ ಶೇ. 20 ಪ್ರೋಟೀನ್ ಮತ್ತು ಪ್ರತಿ ಕಿಲೋಗೆ 3200 ಕಿಲೋ ಕ್ಯಾಲೊರಿ ಶಕ್ತಿ ಇರಬೇಕು. ಅಂದರೆ ಶೇಕಡಾ ಒಂದು ಪ್ರೋಟೀನಿಗೆ 160 ಕಿಲೋ ಕ್ಯಾಲೊರಿ.

ಖರ್ಚು ತಗ್ಗಿಸಲೆಂದು ಇಂತಹ 100 ಕಿಲೋ ಆಹಾರಕ್ಕೆ 20 ಕಿಲೋ ಮೆಕ್ಕೆಜೋಳದ ನುಚ್ಚು ಬೆರೆಸಿದಿರೆಂದು ಭಾವಿಸಿ. ಮೆಕ್ಕೆಜೋಳದಲ್ಲಿ ಸುಮಾರು ಶೇ. 9 ಪ್ರೋಟೀನ್ ಹಾಗೂ 3350 ಕಿಲೋ ಕ್ಯಾಲೊರಿ ಶಕ್ತಿ ಇರುತ್ತದೆ. ಮಿಶ್ರಣದ ಪ್ರೋಟೀನ್ ಸುಮಾರು ಶೇ. 18.2ಕ್ಕೆ ಇಳಿಯುತ್ತದೆ, ಶಕ್ತಿ 3225ಕ್ಕೆ ಏರುತ್ತದೆ, ಅನುಪಾತ 160ರಿಂದ 177ಕ್ಕೆ ಜಿಗಿಯುತ್ತದೆ. ಚೀಲದ ಲೆಕ್ಕದಲ್ಲಿ ಇದು ಉಳಿತಾಯವೆಂದು ತೋರಿದರೂ ಕೋಳಿ ಹೆಚ್ಚು ಕೊಬ್ಬನ್ನು ಕಟ್ಟುತ್ತದೆ ಮತ್ತು ಎದೆಯ ಮಾಂಸ ಕಡಿಮೆಯಾಗುತ್ತದೆ. ಹಿತ್ತಲಿನಲ್ಲಿ ಗಿರಿರಾಜ ಕೋಳಿ ಸಾಕಿ, ಕೇವಲ ನುಚ್ಚಕ್ಕಿ ಅಥವಾ ಮೆಕ್ಕೆಜೋಳ ಹಾಕುವವರಿಗೂ ಈ ಮಾತು ಅನ್ವಯಿಸುತ್ತದೆ.

ಬೇಸಿಗೆಯ ಪ್ರಭಾವ

ಬಿಸಿಲಿನ ತಾಪಕ್ಕೆ ಕೋಳಿ ತಿನ್ನುವುದನ್ನು ಕಡಿಮೆ ಮಾಡುತ್ತದೆ ಮತ್ತು ಅದರ ಥೈರಾಯ್ಡ್ ಹಾರ್ಮೋನು ಇಳಿಯುತ್ತದೆ. ಜೊತೆಗೆ ಒತ್ತಡದ ಹಾರ್ಮೋನಾದ ಕಾರ್ಟಿಕೊಸ್ಟೆರಾನ್ ಹೆಚ್ಚಿ, ಸ್ನಾಯುವಿನ ಪ್ರೋಟೀನನ್ನು ಕರಗಿಸಿ ಸಕ್ಕರೆಯಾಗಿ ಪರಿವರ್ತಿಸುವ ಕ್ರಿಯೆಯನ್ನು ಪ್ರಚೋದಿಸುತ್ತದೆ. ಹೀಗಾಗಿ ಎಷ್ಟೇ ಉತ್ತಮ ಆಹಾರ ನೀಡಿದರೂ ಶೆಡ್ಡಿನ ತಾಪ ತಗ್ಗದಿದ್ದರೆ ನಿರೀಕ್ಷಿತ ತೂಕ ಬರುವುದಿಲ್ಲ.

ಮೊಟ್ಟೆ ಕೋಳಿಗಳಲ್ಲಿ

ಮೊಟ್ಟೆ ಇಡುವ ಹಂತ ಸಮೀಪಿಸಿದಾಗ ಈಸ್ಟ್ರೊಜೆನ್ ಹಾರ್ಮೋನು ಹಳದಿ ಲೋಳೆಯ ಪ್ರೋಟೀನು ಮತ್ತು ಕೊಬ್ಬಿನ ತಯಾರಿಕೆಗೆ ಸಂಬಂಧಿಸಿದ ವಂಶವಾಹಿಗಳನ್ನು ಯಕೃತ್ತಿನಲ್ಲಿ ಚಾಲನೆಗೊಳಿಸುತ್ತದೆ. ಇದು ಸಹಜ ಕ್ರಿಯೆ. ಆದರೆ ಪಂಜರದಲ್ಲಿ ವ್ಯಾಯಾಮವಿಲ್ಲದ ಕೋಳಿಗೆ ಶಕ್ತಿ ಅತಿಯಾದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ, ಅದು ಹಳದಿಯಾಗಿ ಮೆತ್ತಗಾಗುತ್ತದೆ. ಕೊನೆಗೆ ರಕ್ತಸ್ರಾವವಾಗಿ, ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಕೋಳಿಯೇ ಹಠಾತ್ತನೆ ಸಾಯಬಹುದು. ಸತ್ತ ಕೋಳಿಯ ಜುಟ್ಟು ಬಿಳಿಚಿಕೊಂಡಿದ್ದು, ಹೊಟ್ಟೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡುಬಂದರೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.

ಹೊರಗಿನಿಂದ ಹಾರ್ಮೋನು ಬೇಕೇ?

ಬೇಡ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನ್ ಆದ್ದರಿಂದ ಆಹಾರದಲ್ಲಿ ಬೆರೆಸಿದರೆ ಅದು ಜೀರ್ಣವಾಗಿ ಹೋಗುತ್ತದೆ. ಸಾವಿರಾರು ಕೋಳಿಗಳಿಗೆ ಪದೇ ಪದೇ ಚುಚ್ಚುವುದು ಕಾರ್ಯಸಾಧ್ಯವಲ್ಲ, ಲಾಭದಾಯಕವೂ ಅಲ್ಲ. ಆರು ವಾರಗಳಲ್ಲಿ ಕೋಳಿ ಎರಡು ಕಿಲೋ ಮೀರಿ ತೂಗುವುದಕ್ಕೆ ದಶಕಗಳ ತಳಿ ಆಯ್ಕೆ, ಸಮತೋಲಿತ ಆಹಾರ ಮತ್ತು ಉತ್ತಮ ಪಾಲನೆ ಕಾರಣ. ಗ್ರಾಹಕರು ಕೇಳಿದಾಗ ಇದನ್ನು ವಿಶ್ವಾಸದಿಂದ ತಿಳಿಸಿ.

ಅನುಸರಿಸಬೇಕಾದ ಕ್ರಮಗಳು

• ಮರಿಗಳು ಶೆಡ್ಡಿಗೆ ಬಂದ ಕೂಡಲೇ ನೀರು ಮತ್ತು ಆಹಾರ ಒದಗಿಸಿ.

• ಕಾರ್ಖಾನೆಯ ಸಿದ್ಧ ಆಹಾರಕ್ಕೆ ಧಾನ್ಯ ಬೆರೆಸಬೇಡಿ. ಸ್ವತಃ ಆಹಾರ ತಯಾರಿಸುವವರು ಮೆಕ್ಕೆಜೋಳ ಹೆಚ್ಚಿಸಿದಾಗ ಸೋಯಾ ಹಿಂಡಿಯನ್ನೂ ಲೆಕ್ಕ ಹಾಕಿ ಹೆಚ್ಚಿಸಿ. ಲೈಸಿನ್ ಮತ್ತು ಮೆಥಿಯೋನಿನ್ ಕೊರತೆಯಾಗದಂತೆ ನೋಡಿಕೊಳ್ಳಿ.

• ಸಾಸಿವೆ ಹಿಂಡಿಯನ್ನು ಮಿತಿಮೀರಿ ಬಳಸಬೇಡಿ. ಅದರಲ್ಲಿರುವ ಕೆಲವು ಅಂಶಗಳು ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗುತ್ತವೆ. ಅಯೋಡಿನ್ ಮತ್ತು ಸೆಲೆನಿಯಂ ಇರುವ ಖನಿಜ ಮಿಶ್ರಣವನ್ನು ತಪ್ಪದೆ ಸೇರಿಸಿ.

• ಬೇಸಿಗೆಯಲ್ಲಿ ಬೆಳಗಿನ ಜಾವ ಮತ್ತು ಸಂಜೆ ತಂಪಿನಲ್ಲಿ ಆಹಾರ ನೀಡಿ. ತಂಪಾದ ನೀರು ದಿನವಿಡೀ ಇರಲಿ.

• ಮೊಟ್ಟೆ ಕೋಳಿಗಳ ತೂಕವನ್ನು ನಿಯಮಿತವಾಗಿ ಪರೀಕ್ಷಿಸಿ. ತೂಕ ತಳಿಯ ಮಿತಿ ಮೀರಿದರೆ ತಜ್ಞರ ಸಲಹೆಯಂತೆ ಆಹಾರದ ಶಕ್ತಿಯನ್ನು ತಗ್ಗಿಸಿ, ಕೋಲಿನ್ ಪ್ರಮಾಣವನ್ನು ಪರಿಶೀಲಿಸಿ.

• ಪ್ರತಿ ಬ್ಯಾಚಿನಲ್ಲಿ ಕೆಲವು ಕೋಳಿಗಳ ಹೊಟ್ಟೆಯ ಕೊಬ್ಬನ್ನು ಬೇರ್ಪಡಿಸಿ ತೂಗಿ ದಾಖಲಿಸಿ. ಬ್ಯಾಚಿನಿಂದ ಬ್ಯಾಚಿಗೆ ಅದು ಹೆಚ್ಚುತ್ತಿದ್ದರೆ ಆಹಾರದ ಸೂತ್ರವನ್ನು ಮೊದಲು ಪರಿಶೀಲಿಸಿ. ವಿಸ್ತರಣಾ ಕಾರ್ಯಕರ್ತರು ಈ ದಾಖಲೆಯನ್ನು ಆಧರಿಸಿ ಸಲಹೆ ನೀಡಿದರೆ ರೈತರಿಗೆ ಹೆಚ್ಚಿನ ಪ್ರಯೋಜನವಾಗುತ್ತದೆ.